ಪೋಸ್ಟ್‌ಗ್ರೆಸ್‌ಗೆ ಇಬಿಎಸ್ ಸ್ನ್ಯಾಪ್‌ಶಾಟ್: 4 ವರ್ಷ ಬಳಸಿದ ಮೇಲೆ

ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಇರುವುದು ಅಮೆಜಾನ್ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿ, ಒಂದು ವರ್ಚುವಲ್ ಮಷೀನ್ ಮೇಲೆ. ಡೇಟಾ ಸುಮಾರು 600 ಜಿಬಿ. ಮೊದಲು ಬ್ಯಾಕಪ್‌ಗೆ ದಿನಾ ರಾತ್ರಿ ಡಂಪ್ (ಇಡೀ ಡೇಟಾವನ್ನು ಫೈಲ್‌ಗೆ ಬರೆದಿಡುವುದು) ತೆಗೆಯುತ್ತಿದ್ದೆವು. ಡೇಟಾ ಬೆಳೆದ ಹಾಗೆ ಅದು ಬೆಳಗಿನ ಜಾವದವರೆಗೂ ಎಳೆಯತೊಡಗಿತು. ಆಗ ಇಬಿಎಸ್, ಅಂದರೆ ಅಮೆಜಾನ್ ಕ್ಲೌಡ್‌ನ ಡಿಸ್ಕ್‌ಗಳ ಸ್ನ್ಯಾಪ್‌ಶಾಟ್‌ಗೆ ಬಂದೆವು.

ಕಮಾಂಡ್ ಕೊಟ್ಟ ಕ್ಷಣದಲ್ಲಿ ಡಿಸ್ಕ್ ಹೇಗಿತ್ತೋ ಹಾಗೇ ಸ್ನ್ಯಾಪ್‌ಶಾಟ್ ಹಿಡಿದುಕೊಳ್ಳುತ್ತದೆ. ನಕಲು ಆಗುವುದು ಹಿನ್ನೆಲೆಯಲ್ಲಿ, ನಿಧಾನವಾಗಿ. ಡೇಟಾಬೇಸ್ ನಿಲ್ಲಿಸುವ ಅಗತ್ಯವಿಲ್ಲ. ಮೊದಲ ಸಲ ಪೂರ್ತಿ ಹೋಗುತ್ತದೆ, ಆಮೇಲೆ ಬದಲಾದ ಬ್ಲಾಕ್‌ಗಳು ಮಾತ್ರ. ಹಳೆಯದನ್ನು ಅಳಿಸಿದರೂ ಹೊಸದಕ್ಕೆ ಏನೂ ಆಗುವುದಿಲ್ಲ. ಇದೆಲ್ಲ ನನಗೆ ತುಂಬಾ ಇಷ್ಟ.

ಆದರೆ ಮೊದಲ 8 ತಿಂಗಳು ನಮ್ಮ ಹತ್ತಿರ ನಿಜವಾದ ಬ್ಯಾಕಪ್ ಇರಲೇ ಇಲ್ಲ. ಒಂದು ಭಾನುವಾರ ರಿಸ್ಟೋರ್ ಪ್ರಯತ್ನಿಸಿದಾಗ ಅದು ಗೊತ್ತಾಯಿತು. ಡೇಟಾ ಒಂದು ವಾಲ್ಯೂಮ್‌ನಲ್ಲಿ (ಇಬಿಎಸ್ ಡಿಸ್ಕ್‌ನಲ್ಲಿ), ವಾಲ್ ಲಾಗ್ (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಾಖಲೆ) ಇನ್ನೊಂದರಲ್ಲಿ. ನಾನು ಬರೆದ ಸ್ಕ್ರಿಪ್ಟ್ ಮೊದಲು ವಾಲ್‌ನ ಸ್ನ್ಯಾಪ್‌ಶಾಟ್ ತೆಗೆದು, ಅದು ಮುಗಿಯುವವರೆಗೂ ಕಾದು, ಆಮೇಲೆ ಡೇಟಾದ್ದು ತೆಗೆಯುತ್ತಿತ್ತು. ಕಾಯುವ ಅಗತ್ಯವೇ ಇರಲಿಲ್ಲ. ಆ ಕೆಲವು ನಿಮಿಷಗಳ ನಡುವೆ ಒಂದು ಚೆಕ್‌ಪಾಯಿಂಟ್ (ಅಲ್ಲಿಯವರೆಗಿನ ಬದಲಾವಣೆಗಳೆಲ್ಲ ಡೇಟಾ ಫೈಲ್‌ಗೆ ಸೇರಿವೆ ಎನ್ನುವ ಗುರುತು) ಆಗಿಬಿಟ್ಟಿತ್ತು. ಡೇಟಾ ವಾಲ್ಯೂಮ್ ಕೇಳುತ್ತಿದ್ದ ಚೆಕ್‌ಪಾಯಿಂಟ್ ವಾಲ್ ಲಾಗ್‌ನಲ್ಲಿ ಇರಲಿಲ್ಲ. ಪರದೆ ಮೇಲೆ ಒಂದೇ ಸಾಲು: 'ಪ್ಯಾನಿಕ್: ಕುಡ್ ನಾಟ್ ಲೊಕೇಟ್ ಎ ವ್ಯಾಲಿಡ್ ಚೆಕ್‌ಪಾಯಿಂಟ್ ರೆಕಾರ್ಡ್', ಅಂದರೆ ಸರಿಯಾದ ಚೆಕ್‌ಪಾಯಿಂಟ್ ದಾಖಲೆ ಸಿಗಲಿಲ್ಲ. ಕೈ ತಣ್ಣಗಾಯಿತು. ಮೂಲ ಡೇಟಾಬೇಸ್ ಆರಾಮಾಗಿ ಓಡುತ್ತಿತ್ತು ಎನ್ನುವುದೊಂದೇ ಸಮಾಧಾನ.

ಸರಿಮಾಡಲು ಒಂದೇ ಕಮಾಂಡ್ ಸಾಕಾಯಿತು. ಮಷೀನ್‌ಗೆ ಸೇರಿದ ಎಲ್ಲ ವಾಲ್ಯೂಮ್‌ಗಳನ್ನೂ ಒಂದೇ ಕ್ಷಣಕ್ಕೆ ಹಿಡಿಯುವ ಸೌಲಭ್ಯ 2019ರಿಂದಲೇ ಇದೆ. ಕಮಾಂಡ್‌ನ ಹೆಸರಲ್ಲಿ ಸ್ನ್ಯಾಪ್‌ಶಾಟ್ ಬದಲು ಸ್ನ್ಯಾಪ್‌ಶಾಟ್ಸ್ ಅಂತ ಇರುತ್ತದೆ, ಅಷ್ಟೇ ವ್ಯತ್ಯಾಸ. ಹೀಗೆ ತೆಗೆದದ್ದನ್ನು ಏಳಿಸಿದರೆ, ಕರೆಂಟ್ ಹೋಗಿ ಬಂದ ಮಷೀನ್‌ನಲ್ಲಿ ಆಗುವ ಹಾಗೆ ಪೋಸ್ಟ್‌ಗ್ರೆಸ್ ವಾಲ್ ಓದಿ ತಾನೇ ಸರಿಹೋಗುತ್ತದೆ. ಡೇಟಾ, ವಾಲ್ ಎರಡೂ ಒಂದೇ ವಾಲ್ಯೂಮ್‌ನಲ್ಲಿದ್ದರೆ ಈ ತಲೆನೋವೇ ಇಲ್ಲ.

ರಿಸ್ಟೋರ್ ವೇಗದ ಬಗ್ಗೆ ಮೊದಲೇ ತಿಳಿದಿರಬೇಕು. ಸ್ನ್ಯಾಪ್‌ಶಾಟ್‌ನಿಂದ ಹೊಸ ವಾಲ್ಯೂಮ್ ತಕ್ಷಣ ಸಿಗುತ್ತದೆ, ನಿಜ. ಆದರೆ ಪ್ರತಿ ಬ್ಲಾಕ್ ಅನ್ನು ಮೊದಲ ಸಲ ಮುಟ್ಟಿದಾಗಲೇ ಅದು ಎಸ್3ಯಿಂದ (ಸ್ನ್ಯಾಪ್‌ಶಾಟ್ ಇರುವ ಅಮೆಜಾನ್ ಸಂಗ್ರಹದಿಂದ) ಇಳಿದು ಬರುವುದು. ಅಲ್ಲಿಯವರೆಗೆ ಕ್ವೆರಿಗಳು ತೆವಳುತ್ತವೆ. ನಾನು ಮೊದಲು ಡಿಡಿ ಎನ್ನುವ ಲಿನಕ್ಸ್ ಕಮಾಂಡ್ ಹಾಕಿ ಇಡೀ ಡಿಸ್ಕ್ ಓದಿಸಿ, ಆಮೇಲೆ ಡೇಟಾಬೇಸ್ ಏಳಿಸುತ್ತೇನೆ. ಕಾಯಲು ಆಗದಿದ್ದರೆ ಅಮೆಜಾನ್‌ನ ಫಾಸ್ಟ್ ಸ್ನ್ಯಾಪ್‌ಶಾಟ್ ರಿಸ್ಟೋರ್ ಸೌಲಭ್ಯ ಇದೆ. ಅದನ್ನು ಸುಮ್ನೆ ಆನ್ ಮಾಡಿ ಮರೆಯಬೇಡಿ, ಗಂಟೆ ಲೆಕ್ಕದಲ್ಲಿ ಬಿಲ್ ಏರುತ್ತದೆ. ಇನ್ನೊಂದು, ಸ್ನ್ಯಾಪ್‌ಶಾಟ್‌ನಿಂದ ಬಂದ ಎಕ್ಸ್‌ಎಫ್‌ಎಸ್ (ಒಂದು ಲಿನಕ್ಸ್ ಫೈಲ್ ಸಿಸ್ಟಂ) ಡಿಸ್ಕ್ ಅನ್ನು, ಮೂಲ ಡಿಸ್ಕ್ ಇನ್ನೂ ಮೌಂಟ್ ಆಗಿರುವ ಮಷೀನ್‌ಗೇ ಮೌಂಟ್ ಮಾಡುವಾಗ ನೋಯುಯುಐಡಿ ಆಪ್ಷನ್ ಕೊಡಿ. ಇಲ್ಲದಿದ್ದರೆ ಮೌಂಟ್ ಆಗುವುದೇ ಇಲ್ಲ.

ಖರ್ಚು ಡೇಟಾ ಎಷ್ಟು ಬದಲಾಗುತ್ತದೆ ಎನ್ನುವುದರ ಮೇಲೆ ನಿಂತಿದೆ. ವ್ಯಾಕ್ಯೂಮ್ ಫುಲ್ (ಟೇಬಲ್‌ನ ಖಾಲಿ ಜಾಗ ತೆಗೆಯುವ ಪೋಸ್ಟ್‌ಗ್ರೆಸ್ ಕಮಾಂಡ್) ಓಡಿಸಿದ ರಾತ್ರಿ ಟೇಬಲ್ ಪೂರ್ತಿ ಹೊಸದಾಗಿ ಬರೆಯಲ್ಪಡುತ್ತದೆ, ಆ ದಿನದ ಸ್ನ್ಯಾಪ್‌ಶಾಟ್ ಜಾಸ್ತಿ ದಪ್ಪ.

ಮಧ್ಯಾಹ್ನ ಯಾರೋ ತಪ್ಪಾಗಿ ಸಾಲುಗಳನ್ನು ಅಳಿಸಿದರೆ ರಾತ್ರಿಯ ಸ್ನ್ಯಾಪ್‌ಶಾಟ್ ಮಾತ್ರ ಸಾಲದು, ಅಲ್ವಾ? ಅದಕ್ಕೆ ವಾಲ್ ಆರ್ಕೈವ್, ಅಂದರೆ ವಾಲ್ ಲಾಗ್‌ಗಳನ್ನು ಬೇರೆ ಕಡೆ ಕೂಡಿಡುವುದು ಬೇಕು. ಆಗ ಸ್ನ್ಯಾಪ್‌ಶಾಟ್‌ಗೆ ಮುಂಚೆ ಪಿಜಿ ಬ್ಯಾಕಪ್ ಸ್ಟಾರ್ಟ್, ಆಮೇಲೆ ಪಿಜಿ ಬ್ಯಾಕಪ್ ಸ್ಟಾಪ್ ಎನ್ನುವ ಪೋಸ್ಟ್‌ಗ್ರೆಸ್ ಫಂಕ್ಷನ್‌ಗಳನ್ನು ಕರೆಯಬೇಕು. ಹಳೆಯ ಸ್ಕ್ರಿಪ್ಟ್ ಇದ್ದವರು ಗಮನಿಸಿ: 2022ರ ಪೋಸ್ಟ್‌ಗ್ರೆಸ್ 15ನೇ ಆವೃತ್ತಿಯಿಂದ ಈ ಹೆಸರುಗಳು ಬದಲಾಗಿವೆ, ಹಳೆಯವು ಕೆಲಸ ಮಾಡುವುದಿಲ್ಲ.

ನನ್ನ ಅಂಕ 5ಕ್ಕೆ 4. ಈಗ ತಿಂಗಳಿಗೊಂದು ಭಾನುವಾರ ಬೇರೆ ಮಷೀನ್‌ನಲ್ಲಿ ರಿಸ್ಟೋರ್ ಮಾಡಿ, ಹಿಂದಿನ ರಾತ್ರಿಯ ಕೊನೆಯ ಆರ್ಡರ್ ಇದೆಯಾ ಅಂತ ನೋಡಿಯೇ ಆ ಮಷೀನ್ ಮುಚ್ಚುತ್ತೇನೆ.