ಕಿಟ್ ಕಾರಿಗೆ ಯಾವ ಮೀಟರ್? ಮುಳ್ಳಿನದೋ, ಜಿಪಿಎಸ್ಸೋ, ಡಿಜಿಟಲ್ಲೋ

ಮನೆಯಲ್ಲೇ ಜೋಡಿಸಿದ ಕಾರಿನ ಡ್ಯಾಶ್‌ಬೋರ್ಡಿಗೆ ಬಿಡಿಬಿಡಿಯಾದ ದುಂಡು ಮುಳ್ಳಿನ ಮೀಟರುಗಳೇ ಸರಿ. ಅಗ್ಗದ ಜಿಪಿಎಸ್ ಸೆಟ್ಟೊಂದನ್ನು ಕೂರಿಸಿ, ಕಿತ್ತು, ಗೆಳೆಯನ ಕಾರಿನ ಡಿಜಿಟಲ್ ಡ್ಯಾಶನ್ನೂ (ಎಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುವಂಥದ್ದು) ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಕಾರು ಇರುವುದು ಇಂಗ್ಲೆಂಡಿನಲ್ಲಿ. 1957ರ ಲೋಟಸ್ ಸೆವೆನ್ ಮಾದರಿಯ ಮೈಕಟ್ಟು, ಫೋರ್ಡ್ ಝೆಟೆಕ್ ಎಂಜಿನ್, ಹಳೇ ಫೋರ್ಡ್ ಸಿಯೆರಾ ಕಾರಿನ ಗೇರ್‌ಬಾಕ್ಸ್. ಸಿಯೆರಾದ ಮೀಟರ್ ಬೋರ್ಡನ್ನೇ ಹಾಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಸೆವೆನ್‌ನ ಗಿಡ್ಡ ಡ್ಯಾಶ್‌ಬೋರ್ಡಿನಲ್ಲಿ ಅದು ಕೂರುವುದೇ ಇಲ್ಲ.

ಜಿಪಿಎಸ್ ಸ್ಪೀಡೋಮೀಟರಿಗೆ ಕೇಬಲ್ ಬೇಡ, ಸೆನ್ಸರ್ ಬೇಡ, ಟೈರಿನ ಅಳತೆ ಬದಲಾದರೂ ಲೆಕ್ಕ ತಪ್ಪದು. ಆದರೆ ಇಲ್ಲಿ ಇಂಥ ಕಾರು ರಸ್ತೆಗಿಳಿಯಬೇಕಾದರೆ ಐವಿಎ, ಅಂದರೆ ಒಂದೊಂದು ವಾಹನವನ್ನೂ ಬಿಡಿಯಾಗಿ ನೋಡಿ ಒಪ್ಪಿಗೆ ಕೊಡುವ ಸರ್ಕಾರಿ ತಪಾಸಣೆ, ದಾಟಬೇಕು. ಅಲ್ಲಿ ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಸ್ಪೀಡೋಮೀಟರ್ ನೋಡುತ್ತಾರೆ. ತೋರಿಸುವ ವೇಗ ನಿಜವಾದ ವೇಗಕ್ಕಿಂತ ಕಡಿಮೆ ಇರಲೇಬಾರದು. ಚಕ್ರ ಎಷ್ಟೇ ಜೋರಾಗಿ ತಿರುಗಲಿ, ಕಾರು ನಿಂತಲ್ಲೇ ಇರುತ್ತದೆ. ಉಪಗ್ರಹದ ಲೆಕ್ಕಕ್ಕೆ ವೇಗ ಸೊನ್ನೆ.

ಇದಾದರೂ ಮೊದಲೇ ಗೊತ್ತಾಗುವ ತೊಡಕು. ನನ್ನ ತಲೆ ತಿಂದದ್ದು ಅದೇ ಸೆಟ್ಟಿನ ಪೆಟ್ರೋಲ್ ಮೀಟರ್. ಟ್ಯಾಂಕ್ ತುಂಬಿಸಿದರೆ ಮುಳ್ಳು ಕಾಲು ಭಾಗದ ಆಸುಪಾಸಿನಲ್ಲಿ ನಿಲ್ಲುತ್ತಿತ್ತು, ಪೆಟ್ರೋಲ್ ಖರ್ಚಾದಂತೆ ಮೇಲೇರುತ್ತಿತ್ತು.

ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಏರಿಳಿದಂತೆ, ಅದಕ್ಕೆ ಜೋಡಿಸಿದ ಸೆಂಡರ್ ಎಂಬ ಭಾಗದ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ, ಓಮ್‌ಗಳಲ್ಲಿ ಅಳೆಯುವುದು) ಬದಲಾಗುತ್ತದೆ, ಮೀಟರ್ ಓದುವುದು ಅದನ್ನೇ. ಯುರೋಪಿನಲ್ಲಿ ಬಳಕೆಯಲ್ಲಿರುವ, ವಿಡಿಒ ಎಂಬ ಮೀಟರ್ ಕಂಪನಿಯ ಪದ್ಧತಿಯಲ್ಲಿ ಖಾಲಿ ಟ್ಯಾಂಕಿಗೆ 10 ಓಮ್, ತುಂಬಿದ್ದಕ್ಕೆ 180. ಅಮೆರಿಕದ ಪದ್ಧತಿಯಲ್ಲಿ ಖಾಲಿಗೆ 240, ತುಂಬಿದ್ದಕ್ಕೆ 33. ದಿಕ್ಕೇ ತಿರುಗುಮುರುಗು! ಸೆಂಡರನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಮಲ್ಟಿಮೀಟರ್ ಹಚ್ಚಿ, ಫ್ಲೋಟಿನ ಕಡ್ಡಿಯನ್ನು ಬೆರಳಲ್ಲಿ ಮೆಲ್ಲಗೆ ಎತ್ತಿದೆ. ಹತ್ತರ ಹತ್ತಿರ ಶುರುವಾದ ಅಂಕಿ ನೂರೆಂಬತ್ತಕ್ಕೆ ಹೋಗಿ ನಿಂತಿತು. ಮೀಟರ್ ಅಮೆರಿಕದ ಲೆಕ್ಕದ್ದು. ಮಾರಿದವರು ಇದನ್ನು ಪೆಟ್ಟಿಗೆಯ ಮೇಲಾಗಲಿ ಒಳಗಿನ ಚೀಟಿಯಲ್ಲಾಗಲಿ ಬರೆದಿರಲಿಲ್ಲ.

ವೈರ್ ಅದಲುಬದಲು ಮಾಡು ಎಂದರು ಕೆಲವರು. ರೆಸಿಸ್ಟೆನ್ಸಿಗೆ ಹಿಂದುಮುಂದು ಎಂಬುದಿಲ್ಲ, ಹೇಗೆ ಜೋಡಿಸಿದರೂ ಅಷ್ಟೇ. ಸಾಲಿನಲ್ಲಿ ಇನ್ನೊಂದು ರೆಸಿಸ್ಟರ್ ಸೇರಿಸಿದರೂ ದಿಕ್ಕು ಬದಲಾಗದು. ಸೆಂಡರನ್ನೇ ಬದಲಿಸೋಣವೆಂದರೆ ನನ್ನ ಟ್ಯಾಂಕಿನ ಆಳಕ್ಕೆ ಹೊಂದುವಂಥದ್ದು ಸಿಗಲಿಲ್ಲ. ಸಿಗ್ನಲ್ ತಿರುಗಿಸುವ ಪುಟ್ಟ ಪೆಟ್ಟಿಗೆ ಸಿಗುತ್ತದೆ, ಆದರೆ ಅದರ ಬೆಲೆ ಸೇರಿಸಿದರೆ ಅಗ್ಗದ ಸೆಟ್ ಅಗ್ಗವಾಗಿ ಉಳಿಯುವುದಿಲ್ಲ.

ಈ ಒಂದು ವಿಷಯದಲ್ಲಿ ಡಿಜಿಟಲ್ ಡ್ಯಾಶಿಗೆ ಪೂರ್ತಿ ಅಂಕ ಕೊಡುತ್ತೇನೆ. ಗೆಳೆಯ ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಸುರಿಯುತ್ತಾ ಒಂದೊಂದು ಹಂತಕ್ಕೂ ಬಟನ್ ಒತ್ತಿದ, ಅದು ಕಲಿತುಕೊಂಡಿತು. ಆದರೆ ಸೆವೆನ್‌ಗೆ ಮೇಲ್ಛಾವಣಿ ಇಲ್ಲ. ಬಿಸಿಲು ನೇರ ಪರದೆಗೆ ಬಡಿಯುತ್ತದೆ, ಪೋಲರೈಸ್ಡ್ ಕನ್ನಡಕ ಹಾಕಿ ತಲೆ ಸ್ವಲ್ಪ ವಾಲಿಸಿದರೆ ಅವನ ಪರದೆ ಕಪ್ಪು. ಬೆಲೆಯೂ ನನ್ನ ಕೈಗೆಟುಕುವಂಥದ್ದಲ್ಲ.

ಮುಳ್ಳಿನ ಮೀಟರುಗಳನ್ನು ಕೂರಿಸುವುದು ಹೆಚ್ಚು ಕೆಲಸ, ನಿಜ. ಸ್ಪೀಡೋಮೀಟರಿನ ಸೆನ್ಸರ್, ಗೇರ್‌ಬಾಕ್ಸಿನಿಂದ ಹಿಂಚಕ್ರಗಳ ಕಡೆಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್ ತಲೆಗಳನ್ನು ಎಣಿಸುತ್ತದೆ. ನಡುವೆ ಒಂದೆರಡು ಮಿಲಿಮೀಟರ್ ಸಂದು ಬಿಟ್ಟು ಬ್ರಾಕೆಟ್ಟನ್ನು ಅಲುಗದಂತೆ ಬಿಗಿಯಬೇಕು. ರೋಲರ್ ಮೇಲೂ ಇದು ಓದುತ್ತದೆ. ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ) ಅರ್ಧ ತೋರಿಸಿದರೆ ಗಾಬರಿ ಬೇಡ: ಝೆಟೆಕ್‌ನಲ್ಲಿ ಒಂದು ಕಾಯಿಲ್ ಎರಡು ಸಿಲಿಂಡರಿಗೆ ಕಿಡಿ ಕೊಡುತ್ತದೆ, ಆ ಕಾಯಿಲಿನಿಂದ ಸಿಗ್ನಲ್ ತೆಗೆದಿದ್ದರೆ ಮೀಟರನ್ನು ಎರಡು ಸಿಲಿಂಡರಿಗೆ ಸೆಟ್ ಮಾಡಿದರೆ ಸಾಕು. ಒಂದೇ ವೈರಿನ ಆಯಿಲ್ ಪ್ರೆಶರ್ ಸೆಂಡರಿಗೆ ಎಂಜಿನ್ನಿನ ಲೋಹವೇ ಅರ್ತ್, ಹಾಗಾಗಿ ಅದರ ತಿರುಪಿನ ಥ್ರೆಡ್ಡಿಗೆ ಟೇಪ್ ಸುತ್ತಿ ಮುಚ್ಚಬೇಡಿ.

ನಾನು ವಾರಾಂತ್ಯದಲ್ಲಷ್ಟೇ ಓಡಿಸುವವನು, ರಿಪೇರಿ ನನ್ನದೇ. ಒಂದು ಕೆಟ್ಟರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು, ಉಳಿದವು ನಡೆಯುತ್ತಿರುತ್ತವೆ. ರೇಸ್ ಟ್ರ್ಯಾಕಿಗೆ ಹೋಗಿ ಲ್ಯಾಪ್ ಟೈಮ್ ಅಳೆಯುವವರು ಡಿಜಿಟಲ್ಲೇ ತೆಗೆದುಕೊಳ್ಳಲಿ.

ಪೆಟ್ರೋಲ್ ಮೀಟರನ್ನೂ ಸೆಂಡರನ್ನೂ ಒಂದೇ ಕಡೆ, ಒಂದೇ ಓಮ್ ಲೆಕ್ಕದ್ದನ್ನು ಕೊಳ್ಳಿ. ಅಲ್ಯೂಮಿನಿಯಂ ಹಾಳೆಗೆ ತೂತು ಕೊರೆಯುವ ಮೊದಲು 52 ಮಿಲಿಮೀಟರಿನ ಕಾಗದದ ಬಿಲ್ಲೆಗಳನ್ನು ಅಂಟಿಸಿ, ಸೀಟಿನಲ್ಲಿ ಕೂತು ನೋಡಿ. ನನ್ನ ಆಯಿಲ್ ಪ್ರೆಶರ್ ಮೀಟರ್ ಸ್ಟೀರಿಂಗ್ ಚಕ್ರದ ಅಂಚಿಗೆ ಸರಿಯಾಗಿ ಮರೆಯಾಗುತ್ತಿತ್ತು, ಎಡಕ್ಕೆ ಸರಿಸಿದೆ.