ತೇವ ತೋರಿಸುವ ಪುಟ್ಟ ಮೀಟರ್: ಮೂರು ಮಳೆಗಾಲ ಬಳಸಿದ ಮೇಲೆ

2022ರ ಮಳೆ ತುಮಕೂರಿನವರಿಗೆ ನೆನಪಿರುತ್ತದೆ. ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದ ವರ್ಷ ಅದು. ಬಟವಾಡಿಯ ನಮ್ಮ ಬಾಡಿಗೆ ಮನೆ ಇರುವುದು ನೆಲಮಹಡಿಯಲ್ಲಿ. ಉತ್ತರದ ಗೋಡೆಗೂ ಪಕ್ಕದ ಮನೆಗೂ ಮೂರೇ ಅಡಿ ಸಂದಿ, ಬಿಸಿಲೇ ಬೀಳುವುದಿಲ್ಲ. ದಸರಾ ಮುಗಿದ ಮೇಲೆ ಬೀರು ತೆಗೆದರೆ ಮುಗ್ಗಲು ವಾಸನೆ. ಮದುವೆಯಲ್ಲಿ ಅಮ್ಮ ಕೊಟ್ಟ ರೇಷ್ಮೆ ಸೀರೆಯ ಮಡಿಕೆಯಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಬೂಷ್ಟು. ಬೀರು ಎಳೆದು ನೋಡಿದೆವು. ಹಿಂದಿನ ಗೋಡೆಯ ತುಂಬ ಕಪ್ಪು ಚುಕ್ಕೆ, ಬೀರು ನಿಂತಿದ್ದ ಅಳತೆಗೆ ಸರಿಯಾಗಿ. ಅದರಾಚೆ ಗೋಡೆ ಚೆನ್ನಾಗೇ ಇತ್ತು. ಮಗಳು ಮಲಗುವುದು ಅದೇ ರೂಮಿನಲ್ಲಿ, ರಾತ್ರಿಯೆಲ್ಲ ಕೆಮ್ಮುತ್ತಿದ್ದಳು. ಆವತ್ತು ನನಗೆ ನಿಜವಾಗಿಯೂ ಅಳು ಬಂತು.

ಹಿಂದಿನ ವರ್ಷವೂ ಅದೇ ಗೋಡೆಗೆ ಫಂಗಸ್ ಸ್ಪ್ರೇ ಹೊಡೆದು, ಮೇಲೆ ಪೇಂಟ್ ಬಳಿಸಿ, ಬೀರು ವಾಪಸ್ ತಳ್ಳಿದ್ದೆವು. ಎರಡು ಸಾವಿರದ ಮೇಲೆ ಖರ್ಚಾಗಿತ್ತು. ಈಗ ಪೇಂಟ್ ಹಕ್ಕಳೆ ಎದ್ದು ಕೆಳಗಿಂದ ಅದೇ ಕಪ್ಪು ಕಾಣುತ್ತಿತ್ತು. ತೇವ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಮೇಲೆ ಏನು ಬಳಿದರೂ ಅಷ್ಟೇ ಅಲ್ವಾ? ಆಗ ತರಿಸಿದ್ದು ಈ ಡಿಜಿಟಲ್ ಹೈಗ್ರೋಮೀಟರ್. 340 ರೂಪಾಯಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಗಾಳಿಯಲ್ಲಿ ತೇವ ಶೇಕಡಾ ಎಷ್ಟಿದೆ ಅಂತ ತೋರಿಸುತ್ತದೆ, ಅಷ್ಟೇ ಅದರ ಕೆಲಸ. ಮನೆಯೊಳಗೆ 60 ದಾಟಬಾರದು, 50ರೊಳಗೆ ಇದ್ದರೆ ಇನ್ನೂ ಒಳ್ಳೆಯದು.

ಬಂದ ದಿನವೇ ಉಪ್ಪಿನ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ನಾಲ್ಕು ಹನಿ ನೀರು ಬಿಟ್ಟು, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಬೇಕು. ಬೆಳಿಗ್ಗೆಗೆ 75 ತೋರಿಸಬೇಕು. ನಮ್ಮದು 71 ತೋರಿಸಿತು. ಅಂದರೆ ಇದು ಎಷ್ಟು ತೋರಿಸಿದರೂ ನಾಲ್ಕು ಸೇರಿಸಿಕೊಳ್ಳಬೇಕು. ಇಲ್ಲಿಂದ ಮುಂದೆ ಹೇಳುವ ರೂಮಿನ ಲೆಕ್ಕವೆಲ್ಲ ಆ ನಾಲ್ಕು ಸೇರಿಸಿಕೊಂಡಿದ್ದು.

ರೂಮಿನ ಮಧ್ಯೆ ಇಟ್ಟಾಗ 64. ಅದೇ ದಿನ ಬೀರುವಿನ ಹಿಂದೆ ಇಟ್ಟು ಒಂದು ಗಂಟೆ ಬಿಟ್ಟು ನೋಡಿದರೆ 79! ಒಂದೇ ರೂಮು. ತಿಪಟೂರಿನ ಕಡೆಯ ನಮ್ಮ ಮಾವನವರಿಗೆ ಫೋನಿನಲ್ಲಿ ಹೇಳಿದೆ. ಉಂಡೆ ಕೊಬ್ಬರಿ ಮಾಡುವವರು ಅವರು, ವರ್ಷದ ಹತ್ತಿರ ಕಾಯಿಗಳನ್ನು ಅಟ್ಟದ ಮೇಲೆ ಇಟ್ಟು ಕಾಯುತ್ತಾರೆ. “ಅಟ್ಟಕ್ಕೆ ಅಡಿಕೆ ದಬ್ಬೆನ ಸಂದಿ ಬಿಟ್ಟು ಯಾಕಮ್ಮ ಹಾಕ್ತೀವಿ? ಕೆಳಗಿಂದ ಗಾಳಿ ಆಡ್ಲಿ ಅಂತ. ಗೋಡೆಗೆ ಒತ್ತಿ ಇಟ್ರೆ ಗಾಳಿ ಎಲ್ಲಿಂದ ಬರ್ಬೇಕು?” ಅಂದರು. ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆದೆವು. ನಾಲ್ಕು ದಿನದಲ್ಲಿ ಬೀರುವಿನ ಹಿಂದಿನ ಲೆಕ್ಕ 67ಕ್ಕೆ ಇಳಿಯಿತು.

ಇನ್ನೊಂದು ಕಾರಣ ನಾವೇ. ಹಸ್ತ, ಚಿತ್ತೆ ಮಳೆಯಲ್ಲಿ ಬಟ್ಟೆಯೆಲ್ಲ ರೂಮೊಳಗೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆವು. ಒಂದು ಬಕೆಟ್ ಬಟ್ಟೆ ಹರವಿದರೆ ಸಂಜೆಯೊಳಗೆ 82. ಆ ನೀರೆಲ್ಲ ಹೋಗುವುದು ಗೋಡೆಗೇ. ಈಗ ಬಟ್ಟೆ ವರಾಂಡದಲ್ಲಿ, ಫ್ಯಾನ್ ಕೆಳಗೆ. ಸ್ನಾನದ ಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು, ಸ್ನಾನ ಆದಮೇಲೂ ಅರ್ಧ ಗಂಟೆ ಓಡುತ್ತದೆ. ಕಿಟಕಿ ತೆಗೆಯುವುದು ಮಧ್ಯಾಹ್ನ ಬಿಸಿಲು ಬಿದ್ದಾಗ. ಮಳೆ ಸಂಜೆ ತೆಗೆದರೆ ಲೆಕ್ಕ ಏರುತ್ತದೆ, ಇಳಿಯುವುದಿಲ್ಲ.

ಆದರೆ ಮೀಟರ್ ನನಗೆ ಹೇಳಿದ ದೊಡ್ಡ ವಿಷಯ ಜನವರಿಯಲ್ಲಿ ತಿಳಿಯಿತು. ರೂಮಿನಲ್ಲಿ 45 ಇದೆ, ಆದರೂ ನೆಲದ ಹತ್ತಿರದ ಒಂದು ಮೂಲೆ ಮಾತ್ರ ಕೈ ಇಟ್ಟರೆ ತಣ್ಣಗೆ ಒದ್ದೆ. ಗಾಳಿ ಒಣಗಿದ್ದರೂ ಗೋಡೆ ಒದ್ದೆ ಅಂದರೆ ನೀರು ಗೋಡೆಯೊಳಗಿಂದಲೇ ಬರಬೇಕು. ಪಾಲಿಥೀನ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಆ ಮೂಲೆಯ ಗೋಡೆಗೆ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಹನಿಗಳು ಗೋಡೆಯ ಕಡೆಗೇ ಇದ್ದವು. ಓನರ್ ಅಂಕಲ್‌ಗೆ ತೋರಿಸಿದೆ, ಪ್ಲಂಬರ್ ಕರೆಸಿದರು. ಗೋಡೆಯ ಹಿಂದಿನ ಬಚ್ಚಲ ಪೈಪು ತಿರುಗುವಲ್ಲಿನ ಜೋಡಣೆ (ಎಲ್ಬೋ) ಜಿನುಗುತ್ತಿತ್ತು. ಅದು ಸರಿಯಾಗಿ, ಗೋಡೆ ಪೂರ್ತಿ ಆರಲು ಏಪ್ರಿಲ್ ಬಂತು. ಆಮೇಲೇ ಕೆರೆದು ಪೇಂಟ್ ಮಾಡಿಸಿದ್ದು. ಮೂರನೇ ಮಳೆಗಾಲ ಮುಗಿದರೂ ಅಲ್ಲಿ ಚುಕ್ಕೆ ಬಂದಿಲ್ಲ. ಮಗಳ ರಾತ್ರಿ ಕೆಮ್ಮೂ ಕಡಿಮೆಯಾಗಿದೆ.

ಬೂಷ್ಟು ಒರೆಸುವಾಗ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲೇ ಒರೆಸಿ. ಒಣಗಿದ ಬೂಷ್ಟನ್ನು ಬ್ರಷ್‌ನಲ್ಲಿ ಉಜ್ಜಿದರೆ ಪುಡಿ ಮನೆಯೆಲ್ಲ ಹಾರುತ್ತದೆ. ಟೈಲ್ಸ್‌ಗೆ ಬ್ಲೀಚ್ ನಡೆಯುತ್ತದೆ, ಆದರೆ ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಅಥವಾ ವಿನೆಗರ್ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಉಸಿರಿಗೆ ಅಪಾಯ. ಸೀರೆಯನ್ನು ಹೊರಗೆ ನೆರಳಲ್ಲಿ ಹರವಿ, ಡ್ರೈ ಕ್ಲೀನಿಂಗ್‌ಗೆ ಕೊಟ್ಟೆ. ಅಂಚಿನಲ್ಲಿ ಒಂದು ಕಲೆ ಉಳಿದೇ ಹೋಯಿತು.

ಮೀಟರಿನ ಕೊರತೆಗಳೂ ಇವೆ. ಬಟನ್ ಸೆಲ್ ಏಳೆಂಟು ತಿಂಗಳಿಗೆ ಮುಗಿಯುತ್ತದೆ. ಪರದೆಗೆ ಲೈಟ್ ಇಲ್ಲ. ಜಾಗ ಬದಲಿಸಿದರೆ ಸರಿಯಾದ ಲೆಕ್ಕ ತೋರಿಸಲು ಅರ್ಧ ಗಂಟೆಯಾದರೂ ಬೇಕು. ಎರಡನೇ ವರ್ಷ ಉಪ್ಪಿನ ಪರೀಕ್ಷೆಯಲ್ಲಿ ಮೀಟರ್ ತೋರಿಸುವುದೇ 71ರಿಂದ 69ಕ್ಕೆ ಇಳಿದಿತ್ತು, ಹಾಗಾಗಿ ವರ್ಷಕ್ಕೊಮ್ಮೆ ಮಳೆ ಶುರುವಾಗುವ ಮೊದಲು ಆ ಪರೀಕ್ಷೆ ಮಾಡಲೇಬೇಕು. ಈಗ ಕೊಳ್ಳುವವರು ದಿನದ ಅತಿ ಹೆಚ್ಚು, ಅತಿ ಕಡಿಮೆ ಲೆಕ್ಕ ನೆನಪಿಟ್ಟುಕೊಳ್ಳುವ ಮೀಟರನ್ನೇ ತೆಗೆದುಕೊಳ್ಳಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ನಮ್ಮದರಲ್ಲಿ ಅದಿಲ್ಲ. ಮಳೆ ಹಿಡಿದ ರಾತ್ರಿಗಳಲ್ಲಿ ಎರಡು ಗಂಟೆಗೆ ಎದ್ದು ಟಾರ್ಚ್ ಬಿಟ್ಟು ನೋಡಿ ಬರೆದಿಟ್ಟುಕೊಂಡಿದ್ದೇನೆ.