ಪಿಕಪ್‌ಗೆ ಬೈಕಿನ ಇನ್ಶೂರೆನ್ಸ್! ಗಾಡಿ ಇರುವವರು ಇವತ್ತೇ ಪೇಪರ್ ತೆಗೆದು ನೋಡಿ

ಕೊಡಗಿನಲ್ಲಿ ಪಿಕಪ್, ಜೀಪ್, ಗೂಡ್ಸ್ ಆಟೋ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯುವುದಕ್ಕೇ ನಾಚಿಕೆ ಆಗುತ್ತಿದೆ. ಸಿಟ್ಟು ಅದಕ್ಕಿಂತ ಜಾಸ್ತಿ. ನಮ್ಮ ಪಿಕಪ್‌ಗೆ ಇದ್ದದ್ದು ಬೈಕಿನ ಇನ್ಶೂರೆನ್ಸ್. ಹೌದು, ಬೈಕಿಂದು.

ಕಾಫಿ ಕುಯ್ಲಿನ ಸಮಯ. ಬೆಳಿಗ್ಗೆ ಮಂಜು ಬೇರೆ. ಬೋಯಿಕೇರಿ ಹತ್ತಿರದ ತಿರುವಿನಲ್ಲಿ ನಮ್ಮ ಗಾಡಿ ಎದುರಿಂದ ಬಂದ ಸ್ಕೂಟರ್‌ಗೆ ತಾಗಿತು. ಪಾಪ, ಆ ಹುಡುಗನ ಕಾಲು ಮುರಿಯಿತು. ಮಡಿಕೇರಿಯಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಇನ್ಶೂರೆನ್ಸ್ ಇದೆಯಲ್ಲ, ಅವನಿಗೆ ಪರಿಹಾರ ಸಿಗುತ್ತದೆ ಅನ್ನುವ ಧೈರ್ಯದ ಮೇಲೆ ಸ್ಟೇಷನ್‌ಗೆ ಹೋದೆ. ಲ್ಯಾಮಿನೇಷನ್ ಮಾಡಿಸಿದ ಪಾಲಿಸಿ ಕೈಯಲ್ಲೇ ಇತ್ತು. ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿದೆ, ಸ್ಪೀಕರ್ ಹಾಕಿ.

"ಮೇಡಂ, ನಿಮ್ಮ ಬೈಕ್ ಯಾವ ಮಾಡೆಲ್?" ಅಂತ ಕೇಳಿದಳು ಆ ಕಡೆಯ ಹುಡುಗಿ.

"ಬೈಕ್ ಅಲ್ಲಮ್ಮ, ಪಿಕಪ್."

"ನಮ್ಮಲ್ಲಿ ಟೂ ವೀಲರ್ ಅಂತಲೇ ಇದೆ ಮೇಡಂ. ಥರ್ಡ್ ಪಾರ್ಟಿ ಪ್ರೀಮಿಯಂ 714 ರೂಪಾಯಿ, ಟ್ಯಾಕ್ಸ್ ಬೇರೆ."

ಥರ್ಡ್ ಪಾರ್ಟಿ ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಇರುವ ಇನ್ಶೂರೆನ್ಸ್. ಅದಕ್ಕೆ ನನ್ನ ಕೈಯಲ್ಲಿದ್ದ ಪೇಪರಿನಲ್ಲಿ 16,049 ಅಂತ ಇದೆ! ಪಾಲಿಸಿ ನಂಬರ್ ಅದೇ, ಹೆಸರು ನನ್ನದೇ, ಗಾಡಿ ನಂಬರ್ ಕೂಡ ನಮ್ಮದೇ ಕೆಎ 12. ಗಾಡಿ ಮಾತ್ರ ಬೈಕ್. ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ನಗು ತಡೆಯುವುದಕ್ಕೆ ಮುಖ ಆ ಕಡೆ ತಿರುಗಿಸಿದರು. ಆ ಹುಡುಗನ ಮಾವ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು. ಅವರು ನಗಲಿಲ್ಲ. ನನ್ನನ್ನೇ ಕಳ್ಳಿ ಅನ್ನೋ ಥರ ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಪೇಪರನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಪ್ರೀಮಿಯಂ ಇರುವ ಜಾಗದಲ್ಲಿ ಅಂಕಿಗಳು ಉಳಿದ ಅಕ್ಷರಕ್ಕಿಂತ ಒಂಚೂರು ದಪ್ಪ. ಕ್ಯೂಆರ್ ಕೋಡ್ ಇರಬೇಕಾದಲ್ಲಿ ಕಪ್ಪು ಮಸಿ ಹರಡಿದ ಚೌಕ, ಯಾವ ಮೊಬೈಲಿಗೂ ಸ್ಕ್ಯಾನ್ ಆಗುವುದಿಲ್ಲ. ನನ್ನ ಹೆಸರಿನ ಕೆಳಗಿದ್ದ ಮೊಬೈಲ್ ನಂಬರ್ ಅವನದೇ, ಈ ಪಾಲಿಸಿ ಮಾಡಿಸಿಕೊಟ್ಟ ಏಜೆಂಟಿನದು! ಕಂಪನಿಯ ಮೆಸೇಜ್ ನನಗೆ ಯಾಕೆ ಬಂದಿರಲಿಲ್ಲ ಅಂತ ಆಗ ಗೊತ್ತಾಯಿತು. ಪಿಡಿಎಫ್ ಕಳಿಸಪ್ಪ ಅಂದಾಗಲೆಲ್ಲ "ನಿಮಗ್ಯಾಕಕ್ಕ ಆ ತಲೆನೋವು, ಲ್ಯಾಮಿನೇಷನ್ ಮಾಡ್ಸಿ ಮನೆಗೇ ತಂದ್ಕೊಡ್ತೀನಿ" ಅಂದಿದ್ದ. ತಂದೂ ಕೊಟ್ಟ. ನಮ್ಮನೆ ಕಾಫಿ ಕುಡಿದೇ ಹೋದ, ದರಿದ್ರದವನು.

ಈ ಮನುಷ್ಯ ಅಪರಿಚಿತನಲ್ಲ. ಮದುವೆ, ತಿಥಿ, ಹಬ್ಬ ಎಲ್ಲದಕ್ಕೂ ಸಿಗುವವನು. ಫೋನ್ ಮಾಡಿದೆ. ಅವನ ಉತ್ತರಗಳನ್ನು ಕೇಳಿ.

ಮೊದಲು, "ಅಕ್ಕಾ, ಅದು ಕಂಪನಿ ಸಿಸ್ಟಮ್ ಎರರ್. ಸಂಜೆಯೊಳಗೆ ಸರಿ ಮಾಡಿಸ್ತೀನಿ." ಸಂಜೆ ಮಾಡಿದರೆ, "ಎಲ್ಲರೂ ಹೀಗೇ ಮಾಡ್ಸೋದು ಅಕ್ಕ. ಪೊಲೀಸ್‌ಗೆ ತೋರ್ಸಕ್ಕೆ ತಾನೆ? ಇಷ್ಟು ದಿನ ಯಾರಾದ್ರೂ ಹಿಡಿದ್ರಾ?"

ಹಿಡಿದ್ರಾ ಅಂತೆ! ನಾನು ದುಡ್ಡು ಪೂರ್ತಿ ಎಣಿಸಿ ಕೊಟ್ಟಿದ್ದೇನೆ ಮಾರಾಯ, ಕಮ್ಮಿಗೆ ಮಾಡಿಕೊಡು ಅಂತ ನಾನು ಯಾವತ್ತು ಕೇಳಿದ್ದೆ? ಇದನ್ನು ಕೇಳಿದ್ದಕ್ಕೆ ಉತ್ತರ ಇಲ್ಲ. ಮಾರನೇ ದಿನ ಅವನೇ ಫೋನ್ ಮಾಡಿ ಇನ್ನೊಂದು ಐಡಿಯಾ ಕೊಟ್ಟ. "ನನ್ ಹತ್ರ ಸರಿಯಾದ ಇನ್ಶೂರೆನ್ಸ್ ಇರೋ ಗಾಡಿ ಒಂದಿದೆ. ಆಕ್ಸಿಡೆಂಟ್ ಆಗಿದ್ದು ಅದೇ ಅಂತ ಬರೆಸೋಣ. ಖರ್ಚು ಸ್ವಲ್ಪ ಆಗುತ್ತೆ." ಒಂದು ಮೋಸ ಮುಚ್ಚುವುದಕ್ಕೆ ಇನ್ನೊಂದು ಮೋಸ, ಅದಕ್ಕೂ ನನ್ನಿಂದಲೇ ದುಡ್ಡು. ಬಾಯಿಗೆ ಬಂದ ಹಾಗೆ ಬೈದೆ. ಆವತ್ತಿಂದ ನನ್ನ ನಂಬರ್ ಬ್ಲಾಕ್.

ಕಂಪನಿಯವರದ್ದು ಇನ್ನೂ ಚೆನ್ನ. "ಅವರು ನಮ್ಮ ಏಜೆಂಟ್ ಅಲ್ಲ. ಕೊಟ್ಟ ವಿವರದ ಮೇಲೆ ಪಾಲಿಸಿ ಆಗಿದೆ. ಪಿಕಪ್‌ಗೆ ಕವರ್ ಇಲ್ಲ." ಮುಗೀತು. ಗೂಡ್ಸ್ ಗಾಡಿಯ ನಂಬರ್ ಹಾಕಿ ಬೈಕ್ ಅಂದರೆ ನಿಮ್ಮ ಕಂಪ್ಯೂಟರ್ ಹೂಂ ಅನ್ನುತ್ತಾ ಅಂತ ಕೇಳಿದರೆ, "ಮೇಲ್ ಮಾಡಿ ಮೇಡಂ" ಅನ್ನುತ್ತಾರೆ.

ಇದು ನಡೆಯುವುದು ಹೀಗೆ. ಥರ್ಡ್ ಪಾರ್ಟಿ ದರ ಸರ್ಕಾರವೇ ಇಟ್ಟಿರುವುದು. 2022ರ ಪಟ್ಟಿಯಲ್ಲಿ 7,500 ಕೆಜಿ ಒಳಗಿನ ಬಾಡಿಗೆ ಗೂಡ್ಸ್ ಗಾಡಿಗೆ 16,049 ರೂಪಾಯಿ, 75ರಿಂದ 150 ಸಿಸಿ ಬೈಕಿಗೆ 714. ಬರೀ ಥರ್ಡ್ ಪಾರ್ಟಿ ಪಾಲಿಸಿ ಆನ್‌ಲೈನ್‌ನಲ್ಲೇ ಆಗಿಬಿಡುತ್ತದೆ, ಗಾಡಿಯನ್ನು ಯಾರೂ ಬಂದು ನೋಡುವುದಿಲ್ಲ. ಬೈಕ್ ಅಂತ ತುಂಬಿಸಿ, ಬಂದ ಪಿಡಿಎಫ್ ತಿದ್ದಿ, ಮಿಕ್ಕ ದುಡ್ಡು ಜೇಬಿಗೆ. ಪಾಲಿಸಿ ನಂಬರ್ ಅಸಲಿಯೇ ಆದ್ದರಿಂದ ಗಾಡಿಯ ದಾಖಲೆ ತೋರಿಸುವ ಆ್ಯಪ್‌ನಲ್ಲಿ ನಮ್ಮ ಗಾಡಿಗೆ ಇನ್ಶೂರೆನ್ಸ್ ಇದೆ ಅಂತಲೇ ತೋರಿಸುತ್ತಿತ್ತು. ರಸ್ತೆಯಲ್ಲಿ ಹಿಡಿದ ಪೊಲೀಸರು ಕೂಡ ತಾರೀಖು ನೋಡಿ ಬಿಟ್ಟು ಕಳಿಸುತ್ತಿದ್ದರು.

ಈ ಕಥೆ ಹೇಳಿದರೆ ಅರ್ಧ ಜನ ನಗುತ್ತಾರೆ. ಯಾಕೆ ಅಂದರೆ ಇನ್ಶೂರೆನ್ಸ್ ಮೋಸ ನಮಗೆಲ್ಲ ಮಾಮೂಲಿ ಆಗಿಬಿಟ್ಟಿದೆ. ಗ್ಯಾರೇಜಿಗೆ ಹೋದರೆ ಮೊದಲ ಪ್ರಶ್ನೆಯೇ "ಕ್ಲೈಮಾ, ಕ್ಯಾಶಾ?" ಕ್ಲೈಮ್ ಅಂದರೆ ಹಳೇ ಡೆಂಟೆಲ್ಲ ಹೊಸದಾಗುತ್ತದೆ. ಶುಗರ್ ಇರುವವರ ಫಾರ್ಮ್‌ನಲ್ಲಿ "ಕಾಯಿಲೆ ಇಲ್ಲ" ಅಂತ ಏಜೆಂಟೇ ಟಿಕ್ ಹಾಕುತ್ತಾನೆ, ಆಮೇಲೆ ಮನೆಯವರಿಗೆ ಕ್ಲೈಮ್ ಸಿಗುವುದಿಲ್ಲ. ಎಲ್ಲರೂ ಮಾಡುತ್ತಾರೆ ಅನ್ನುವ ಈ ಮಾತಿನ ಮೇಲೇ ಇಂಥವರ ಅಂಗಡಿ ನಡೆಯುವುದು.

ಸದ್ಯ ನಮ್ಮ ಪಿಕಪ್ ಸ್ಟೇಷನ್ ಅಂಗಳದಲ್ಲಿದೆ. ಇನ್ಶೂರೆನ್ಸ್ ಇಲ್ಲದ ಗಾಡಿ ಆಕ್ಸಿಡೆಂಟ್ ಮಾಡಿದರೆ ಕೋರ್ಟಿಗೆ ಭದ್ರತೆ ಕೊಡದೆ ಬಿಡುವುದಿಲ್ಲ. ಪರಿಹಾರ ಎಷ್ಟು ಅಂತ ಕೋರ್ಟ್ ಹೇಳುತ್ತದೋ ಅಷ್ಟೂ ನಾವೇ ಕಟ್ಟಬೇಕು. ಹುಡುಗನಿಗೆ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಣದಲ್ಲಿ ಕಾಫಿ ಒಣಗಿ ಮೂಟೆ ಕಟ್ಟಿ ಇಟ್ಟಿದೆ, ಬಾಡಿಗೆ ಗಾಡಿಯವರು ಕುಯ್ಲಿನಲ್ಲಿ ಕೇಳುವ ರೇಟು ನಿಮಗೇ ಗೊತ್ತಲ್ವಾ?

ನೀವು ಮಾಡಬೇಕಾದ್ದು ಇಷ್ಟೇ. ಆ್ಯಪ್ ನೋಡಿ ಸುಮ್ನಾಗಬೇಡಿ. ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ, ಪಾಲಿಸಿ ನಂಬರ್ ಹೇಳಿ, "ಯಾವ ಗಾಡಿ, ಪ್ರೀಮಿಯಂ ಎಷ್ಟು" ಅಂತ ಅವರ ಬಾಯಲ್ಲೇ ಹೇಳಿಸಿ. ಪಾಲಿಸಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಇರಲಿ. ದುಡ್ಡನ್ನು ಏಜೆಂಟಿನ ಕೈಗೆ, ಅವನ ಗೂಗಲ್ ಪೇಗೆ ಹಾಕಬೇಡಿ. ಎಷ್ಟೇ ನೆಂಟನಾಗಲಿ. ನೆಂಟನಾದರೆ ಇನ್ನೂ ಬೇಡ.

ನಾನು ಮೋಸದ ದೂರು ಕೊಟ್ಟಿದ್ದೇನೆ. ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆ ಐಆರ್‌ಡಿಎಐನ ದೂರು ವ್ಯವಸ್ಥೆ ಬಿಮಾ ಭರೋಸಾ 155255ಕ್ಕೂ ಫೋನ್ ಮಾಡಿ ಕಂಪ್ಲೇಂಟ್ ಬರೆಸಿದ್ದೇನೆ. ಅವನ ಹತ್ತಿರ ಪಾಲಿಸಿ ಮಾಡಿಸಿದವರು ಸುಂಟಿಕೊಪ್ಪ, ಕುಶಾಲನಗರ ಕಡೆ ಇನ್ನೂ ಇದ್ದಾರೆ ಅಂತ ಸ್ಟೇಷನ್‌ನಲ್ಲೇ ಗೊತ್ತಾಯಿತು. ಮರ್ಯಾದೆ ಹೋಗುತ್ತೆ ಅಂತ ಯಾರೂ ಬಾಯಿ ಬಿಡುತ್ತಿಲ್ಲ. ನನ್ನದಂತೂ ಹೋಗಿ ಆಯಿತು. ನಿಮ್ಮ ಪೇಪರೂ ಹೀಗೇ ಇದ್ದರೆ ಬನ್ನಿ, ದೂರು ಕೊಡಲು ನಿಮ್ಮ ಜೊತೆ ಸ್ಟೇಷನ್‌ಗೆ ನಾನೂ ಬರುತ್ತೇನೆ.